ಮೈಕ್ ಟೆಸ್ಟಿಂಗಿಗೆ ಬರುತ್ತಿದ್ದ ಇಮ್ಯಾನುಯೆಲ್ ಪೊರ್ಬುಗಳು

ಮದುವೆಗೆ ಕರೆಯಲಿಲ್ಲವೆಂದು ಮುಖ ಊದಿಸಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕರೆದ ಮದುವೆಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ಬ್ಯಾಂಡಿನವರು "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದನ್ನು ಮಾತ್ರ ಕೇಳಿ, ಊಟಕ್ಕೆ ಮೊದಲೇ ಮನೆಗೆ ಹೋಗುತ್ತಿದ್ದವರು ನಾನು ಕಂಡಂತೆ ಒಬ್ಬರೇ. ಅವರು ಕಲ್ಯಾಣಪುರದ ಇಮ್ಯಾನುಯೆಲ್ ಲುವಿಸ್. ತುಳು ಮಾತನಾಡುವ ನಾವು ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎಂದು ಕರೆಯುವುದು ವಾಡಿಕೆ. ಹಾಗಾಗಿ ನನಗೆ ಅವರು ಯಾವತ್ತೂ ಇಮ್ಯಾನುಯೆಲ್ ಪೊರ್ಬುಗಳು.

ನನ್ನ ಹೆಸರು ವಿಠಲ. ಸಂತೆಕಟ್ಟೆಯಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಬಿಡುವಿದ್ದಾಗ ರೇಡಿಯೋ ರಿಪೇರಿಯನ್ನೂ ಮಾಡುತ್ತಿದ್ದೆ. ಎಪ್ಪತ್ತೈದರಿಂದ ಹತ್ತು ಹದಿನೈದು ವರ್ಷ ಉಡುಪಿ, ಕಾಪು, ಕಾರ್ಕಳದ ಕಡೆ ಎಲ್ಲಿ ಮದುವೆ ನಡೆದರೂ, ಎಲ್ಲಿ ಭಾಷಣ ನಡೆದರೂ ಟೆಂಪೋದಲ್ಲಿ ನನ್ನ ಬಾಕ್ಸುಗಳು ಹೋಗುತ್ತಿದ್ದವು. ಸಂಗೀತದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಕೇಳಬೇಡಿ. ಮೈಕ್ ಕೂಗದಿದ್ದರೆ ಒಳ್ಳೆಯ ಸಂಗೀತ, ಕೂಗಿದರೆ ಕೆಟ್ಟದ್ದು. ಇಷ್ಟು ತಿಳಿವಳಿಕೆಯಲ್ಲಿ ನಾನು ಎರಡು ಮಕ್ಕಳನ್ನು ಓದಿಸಿದ್ದೇನೆ.

ಪೊರ್ಬುಗಳ ತಿಳಿವಳಿಕೆ ಹಾಗಲ್ಲ. ಅವರಿಗೆ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರ ತಪ್ಪು ಹುಡುಕುವುದಕ್ಕೆ ಅವರಿಗೆ ಸಂಬಳ ಸಿಗುತ್ತಿತ್ತು. ಸಂಜೆಯ ಮೇಲೆ ಅದೇ ಕೆಲಸವನ್ನು ಧರ್ಮಕ್ಕೆ ಮಾಡುತ್ತಿದ್ದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ದೇವರ ಪಟ, ಪಟದ ಕೆಳಗೆ ಒಂದು ದೊಡ್ಡ ವಾಲ್ವ್ ರೇಡಿಯೋ. ಸಂಜೆ ಮನೆಯವರೆಲ್ಲ ಪಟದ ಎದುರು ಮೊಣಕಾಲೂರಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುವಾಗ ಪೊರ್ಬುಗಳ ಭಕ್ತಿ ಯಾವುದರ ಕಡೆಗೆಂದು ಹೇಳುವುದು ಕಷ್ಟವಿತ್ತು. ಸಿಲೋನಿನಿಂದ, ಮತ್ತೆಲ್ಲಿಂದಲೋ, ಗರಗರ ಸದ್ದಿನ ನಡುವೆ ಬರುತ್ತಿದ್ದ ಇಂಗ್ಲಿಷ್ ಪಾಪ್ ಹಾಡುಗಳನ್ನು ಅವರು ಕಿವಿ ರೇಡಿಯೋಕ್ಕೆ ಅಂಟಿಸಿಕೊಂಡು ಕೇಳುತ್ತಿದ್ದರು. ಗಲ್ಫಿನಿಂದ ಯಾರು ರಜೆಗೆ ಬಂದರೂ, ಬಂದ ಮರುದಿನವೇ ಅವರ ಮನೆಗೆ ಹೋಗಿ, ಸೆಂಟು, ಬ್ಲಾಂಕೆಟ್ ಯಾವುದನ್ನೂ ನೋಡದೆ ಕ್ಯಾಸೆಟ್ ಎಲ್ಲಿ ಎಂದು ಕೇಳುತ್ತಿದ್ದರು.

ಅವರು ಎಲ್ಲದರ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿದ್ದರು. ಆಗ ನಮ್ಮ ಕಡೆ ಬ್ಯಾಂಡುಗಳಿಗೆ ಬರಗಾಲವಿರಲಿಲ್ಲ. ಎರಡು ಗಿಟಾರ್, ಒಂದು ಡ್ರಮ್ ಸೆಟ್, ಒಂದೇ ಬಣ್ಣದ ನಾಲ್ಕು ಕೋಟು ಇದ್ದರೆ ಬ್ಯಾಂಡ್ ಆಯಿತು. ಮಲ್ಪೆಯ ಸಿಲ್ವರ್ ಸ್ಯಾಂಡ್ಸ್ ಬಗ್ಗೆ ಪೊರ್ಬುಗಳು ಹೇಳುತ್ತಿದ್ದದ್ದು, "ರೇಡಿಯೋದಲ್ಲಿ ಬಂದದ್ದನ್ನು ರೇಡಿಯೋಕ್ಕಿಂತ ಕೆಟ್ಟದಾಗಿ ಬಾರಿಸಲಿಕ್ಕೆ ನಾಲ್ಕು ಜನ ಎಂತಕ್ಕೆ ಮಾರಾಯ? ರೇಡಿಯೋ ಹಾಳಾದರೆ ಅದೊಂದೇ ಸಾಕಲ್ವಾ?" ಮಣಿಪಾಲದ ಹಾಸ್ಟೆಲ್ ಡೇಗೆ ಡಾಕ್ಟರ್ ಕಲಿಯುವ ಹುಡುಗರ ಬ್ಯಾಂಡ್ ಇರುತ್ತಿತ್ತು. ಡೆಲ್ಲಿಯವನು, ಮಲೇಶಿಯಾದವನು, ಪಂಜಾಬಿನವನು, ಎಲ್ಲರೂ ಅಮೆರಿಕದ ಮೂಗಿನಲ್ಲಿ ಹಾಡುತ್ತಿದ್ದರು. ಪೊರ್ಬುಗಳು ನನ್ನ ಪಕ್ಕ ನಿಂತು ನಿಟ್ಟುಸಿರು ಬಿಡುತ್ತಿದ್ದರು. "ಇಷ್ಟು ವರ್ಷ ಓದಿಯೂ ಒಬ್ಬನಿಗೂ ಆ ನೆಗಡಿಗೆ ಮದ್ದು ಗೊತ್ತಿಲ್ಲ." ಎಕೋ ಮೆಷಿನ್ ಬಂದಾಗ ಊರಿಗೆ ಊರೇ ಮರುಳಾಯಿತು. ಎಕೋ ಹಾಕಿದರೆ ತಪ್ಪು ಮೂರು ಸಲ ಕೇಳುತ್ತದೆ, ಅಷ್ಟೇ ಲಾಭ ಎಂದರು ಪೊರ್ಬುಗಳು. ಆ ಮೆಷಿನನ್ನು ಸಾಲ ಮಾಡಿ ತಂದವನು ನಾನು. ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದೆ.

ಹಾಗೆಂದು ಬರೀ ಬೈಯುವವರಲ್ಲ. ಪಾಪ್ ಸಂಗೀತವನ್ನು ಅವರಷ್ಟು ಪ್ರೀತಿಸಿದವರು ನಮ್ಮ ಕಡೆ ಇರಲಿಕ್ಕಿಲ್ಲ. ಅವರ ಪ್ರಕಾರ ಬ್ಯಾಂಡಿನ ಸತ್ಯ ತಿಳಿಯುವುದು ಮೈಕ್ ಟೆಸ್ಟಿಂಗಿನಲ್ಲಿ ಮಾತ್ರ. "ಜನ ಬಂದ ಮೇಲೆ ಅವರು ಜನರಿಗೆ ಬಾರಿಸುತ್ತಾರೆ. ಖಾಲಿ ಕುರ್ಚಿಗಳ ಎದುರು ಕೈಗೆ ಬಂದದ್ದನ್ನು ಬಾರಿಸುತ್ತಾರಲ್ವಾ, ಅದು ಅವರದ್ದು." ಅದಕ್ಕಾಗಿ ಇಗರ್ಜಿಯಲ್ಲಿ ಮದುವೆಯ ಪೂಜೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಜಾರಿ ಔತಣದ ಹಾಲಿಗೆ ಬಂದು, ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದರು. ಟೆಸ್ಟಿಂಗ್ ಮುಗಿದ ಕೂಡಲೇ ನನ್ನ ಹತ್ತಿರ ಬಂದು ಒಂದು ಸಾಲಿನ ತೀರ್ಪು. ಆಮೇಲೆ ಮದುಮಕ್ಕಳ ಕೈಗೆ ಉಡುಗೊರೆಯ ಕವರ್ ಕೊಟ್ಟು ಮನೆಗೆ. ಊಟಕ್ಕೆ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದರೆ, ಹೊಟ್ಟೆ ತುಂಬಿದ ಮೇಲೆ ಎಲ್ಲ ಬ್ಯಾಂಡೂ ಚೆಂದ ಎನ್ನುತ್ತಿದ್ದರು.

ಇಲ್ಲೇ ಅವರ ತಲೆಗೆ ಹೋಗದ ಒಂದು ವಿಷಯವಿತ್ತು. ನಮ್ಮ ಕಡೆ ಮದುವೆಗೆ ಬಂದು ಊಟ ಮಾಡದೆ ಹೋಗುವುದು ಸಣ್ಣ ಸಂಗತಿಯಲ್ಲ. ಗಡಿಬೇಲಿಯ ಜಗಳ ಇದ್ದವರು, ಕೋರ್ಟಿನಲ್ಲಿ ಎದುರಾಳಿಯಾದವರು ಹಾಗೆ ಮಾಡುತ್ತಾರೆ: ಬರುತ್ತಾರೆ, ಕವರ್ ಕೊಡುತ್ತಾರೆ, ಊಟ ಬಿಟ್ಟು ಹೋಗುತ್ತಾರೆ. ಬಾಯಿ ಬಿಟ್ಟು ಬೈದದ್ದಕ್ಕಿಂತ ಅದು ಗಟ್ಟಿ. ಯಾಕೆಂದು ಯಾರೂ ಕೇಳುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ. ಪೊರ್ಬುಗಳು ಒಂದು ಗಿಟಾರು ಶ್ರುತಿ ತಪ್ಪಿದ್ದಕ್ಕೆ ಕರಾವಳಿಯ ಅರ್ಧ ಕ್ರಿಶ್ಚಿಯನ್ ಮನೆಗಳ ಮೇಲೆ ಯುದ್ಧ ಸಾರುತ್ತಾ ಬಂದಿದ್ದರು.

ಅವರ ಹೆಂಡತಿ ಮ್ಯಾಗ್ಡಲಿನ್ ಬಾಯಮ್ಮನದ್ದು ಕಷ್ಟದ ಬಾಳು. ಗಂಡ ಹೋದ ಮೇಲೆ ಊಟದ ಸಾಲಿನಲ್ಲಿ ಕುಳಿತು ಕಾರಣ ಕೊಡುವ ಕೆಲಸ ಅವರದ್ದು. ಒಮ್ಮೆ ಗ್ಯಾಸ್ಟ್ರಿಕ್, ಒಮ್ಮೆ ತಲೆನೋವು, ಒಮ್ಮೆ ಎಮ್ಮೆ ಕರು ಹಾಕುವ ದಿನ. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ. ಉದ್ಯಾವರದ ಒಂದು ಮನೆಯ ಯಜಮಾನರಂತೂ ಮಗನ ಮದುವೆಯಲ್ಲಿ ಪೊರ್ಬುಗಳು ಎದ್ದು ಹೋದದ್ದು ಕಂಡು ತಿಂಗಳುಗಟ್ಟಲೆ ಯೋಚಿಸಿದರು. ಕೊನೆಗೆ ಒಂದು ಭಾನುವಾರ ಕಲ್ಯಾಣಪುರಕ್ಕೆ ಬಂದು, ತಮ್ಮ ಅಜ್ಜ ಲುವಿಸರ ಅಜ್ಜನಿಗೆ ಒಂದು ಹಲಸಿನ ಮರದ ವಿಷಯದಲ್ಲಿ ಮೋಸ ಮಾಡಿದ್ದು ನಿಜವೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಪೊರ್ಬುಗಳಿಗೆ ಹಲಸಿನ ಮರದ ಸುದ್ದಿಯೇ ಗೊತ್ತಿರಲಿಲ್ಲ. "ಮರ ಹೋಗಲಿ, ಆ ಡ್ರಮ್ಮರ್ ಯಾರ ಮಗ?" ಎಂದು ಕೇಳಿದರಂತೆ.

ಎಪ್ಪತ್ತೊಂಬತ್ತರಲ್ಲಿ ಒಂದು ವಿಚಿತ್ರ ನಡೆಯಿತು. ಉದ್ಯಾವರದಲ್ಲೇ ಇನ್ನೊಂದು ಮದುವೆ. ಗೊತ್ತುಮಾಡಿದ್ದ ಬ್ಯಾಂಡ್ ಕೈಕೊಟ್ಟಿದ್ದರಿಂದ ಕಾಪುವಿನ ಮೂವರು ಹುಡುಗರನ್ನು ಅವಸರದಲ್ಲಿ ಕರೆಸಿದ್ದರು. ಹುಡುಗರು ತಮ್ಮ ಊರಿನ ಕಡಲತಡಿಯ ದೀಪಸ್ತಂಭದ ಹೆಸರನ್ನೇ ಇಟ್ಟುಕೊಂಡು ಲೈಟ್‌ಹೌಸ್ ತ್ರೀ ಎಂದು ಕರೆದುಕೊಳ್ಳುತ್ತಿದ್ದರು. ಕೋಟು ಇರಲಿಲ್ಲ. ಗಿಟಾರ್ ಬಾರಿಸಿ ಹಾಡುತ್ತಿದ್ದವನು ಶೇಖರ, ಕಾಪುವಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ನಮ್ಮ ತುಳುವರ ಹುಡುಗ. ಈ ಮೂವರು ಯಾವ ರೇಡಿಯೋದ ಹಾಡನ್ನೂ ಬಾರಿಸುತ್ತಿರಲಿಲ್ಲ. ಎಲ್ಲ ಹಾಡೂ ಅವರೇ ಮಾಡಿದ್ದು. ಕೆಲವುಗಳಲ್ಲಿ ತುಳು, ಕೆಲವುಗಳಲ್ಲಿ ಕೊಂಕಣಿ, ಕೆಲವುಗಳಲ್ಲಿ ಮಾತೇ ಇಲ್ಲ.

ಟೆಸ್ಟಿಂಗ್ ಮುಗಿಯಿತು. ನಾನು ತೀರ್ಪಿಗೆ ಕಾದೆ. ಪೊರ್ಬುಗಳು ಏಳಲಿಲ್ಲ. ಜನ ಬಂದರು, ಕೇಕ್ ಕತ್ತರಿಸಿದರು, ವೈನ್ ಹಂಚಿದರು, ಪೊರ್ಬುಗಳು ಆ ಕುರ್ಚಿಯಲ್ಲೇ ಇದ್ದರು. ಕುಣಿಯಲು ಎದ್ದವರು ಗುರುತಿನ ಹಾಡು ಬಾರದೆ ಗೊಣಗಿದರು. ಮದುಮಗಳ ಸೋದರಮಾವ ಬಂದು, ಎಲ್ಲರೂ ಕುಣಿಯುವ ಹಾಡು, ಒಂದು ಬಾಯ್ಲಾ ಹಾಕು ಮಾರಾಯ ಎಂದು ಕೈಮುಗಿದರು. ಶೇಖರ ವಿನಯದಿಂದ "ಅದು ನಮ್ಮದಲ್ಲ" ಎಂದ. ಪೊರ್ಬುಗಳು ಅಂದು ಊಟವನ್ನೂ ಮಾಡಿದರು. ಗಂಡ ಪಂಕ್ತಿಯಲ್ಲಿ ಬಂದು ಕುಳಿತದ್ದನ್ನು ಕಂಡು ಬಾಯಮ್ಮ, ಜ್ವರವೇನಾದರೂ ಉಂಟೋ ಎಂದು ಹಣೆ ಮುಟ್ಟಿ ನೋಡಿದರು.

ಊಟವಾದ ಮೇಲೆ ಶೇಖರ ವಯರ್ ಸುತ್ತುತ್ತಿದ್ದಲ್ಲಿಗೆ ಬಂದು ಅವರು ಹೇಳಿದ ಮಾತು ನನಗೆ ಬಾಯಿಪಾಠ ಉಂಟು. "ನೀನು ಬಾರಿಸದೆ ಬಿಡುವ ಜಾಗ ಉಂಟಲ್ವಾ, ಅದು ಚೆಂದ. ಕೇಳುವವನಿಗೆ ಅಲ್ಲಿ ಕುಳಿತುಕೊಳ್ಳಬಹುದು. ಬೇರೆಯವರ ಅಂಗಿ ಹಾಕಿಕೊಂಡು ಬಂದ ಹಾಡಲ್ಲ ಇದು. ಬಿಡಬೇಡ." ಶೇಖರನಿಗೆ ಇವರು ಯಾರೆಂದು ಗೊತ್ತಿತ್ತು. ಬ್ಯಾಂಡಿನವರಿಗೆಲ್ಲ ಗೊತ್ತಿತ್ತು. ಅವನು ಕೈಯಲ್ಲಿದ್ದ ವಯರನ್ನು ಕೆಳಗಿಟ್ಟು ಎದ್ದು ನಿಂತ.

ಆಮೇಲೆ ಭಾನುವಾರಗಳಲ್ಲಿ ಶೇಖರ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಲ್ಯಾಣಪುರಕ್ಕೆ ಬರತೊಡಗಿದ. ಹೊಸದಾಗಿ ಮಾಡಿದ ಹಾಡನ್ನು ಪೊರ್ಬುಗಳ ಜಗಲಿಯಲ್ಲಿ ಕುಳಿತು ಬಾರಿಸುವನು. ಅವರು ಕಣ್ಣು ಮುಚ್ಚಿ ಕೇಳುವರು. ಇದು ಇರಲಿ, ಇದು ಬೇಡ, ಇಲ್ಲಿ ಎಂತಕ್ಕೆ ಅವಸರ ಮಾಡಿದೆ ಎನ್ನುವರು. ಬೇಡ ಎಂದದ್ದನ್ನು ಅವನು ಮತ್ತೆ ಬಾರಿಸುತ್ತಿರಲಿಲ್ಲ. ಲೈಟ್‌ಹೌಸ್ ತ್ರೀಗೆ ಮದುವೆಗಳು ಹೆಚ್ಚು ಸಿಗಲಿಲ್ಲ. ವರ್ಷಕ್ಕೆ ನಾಲ್ಕೈದು ಸಿಕ್ಕಿದರೆ ಹೆಚ್ಚು. ಶೇಖರ ಅದಕ್ಕೆ ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ. ಪೊರ್ಬುಗಳಿಗೆ ಸರಿ ಕಂಡರೆ ಸರಿ ಎಂದು ಅವನ ಲೆಕ್ಕ. ಸೈಕಲ್ ಪಂಕ್ಚರ್ ಹಾಕಿ ಹೊಟ್ಟೆ ಹೊರೆದು, ಒಬ್ಬರ ಕಿವಿಗಾಗಿ ಹಾಡು ಕಟ್ಟುವ ಹುಡುಗನನ್ನು ನೋಡಿ ನನಗೆ ನಗು ಬರುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಪೊರ್ಬುಗಳಿಗೆ ರೋಸಿ ಎಂದು ಒಬ್ಬಳು ತಂಗಿ. ತಂದೆತಾಯಿ ಬೇಗ ಹೋದದ್ದರಿಂದ ಅವಳನ್ನು ಸಾಕಿ ಓದಿಸಿದ್ದು ಇವರೇ. ಶಾಲೆಯಲ್ಲಿ ಟೀಚರ್ ಆಗಿದ್ದಳು, ನೋಡಲು ಲಕ್ಷಣವಾಗಿದ್ದಳು, ಆದರೂ ವಯಸ್ಸು ಮೂವತ್ತು ದಾಟಿತು. ಸಂಬಂಧಗಳು ಬರುತ್ತಿದ್ದವು, ಮಾತುಕತೆ ಅರ್ಧದವರೆಗೆ ಹೋಗಿ ಏನೂ ಕಾರಣವಿಲ್ಲದೆ ನಿಲ್ಲುತ್ತಿತ್ತು. ಎಂಬತ್ತೊಂದರಲ್ಲಿ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಆಂಟನಿ, ಕುವೈತಿನಲ್ಲಿ ಕೆಲಸ, ರಜೆಯಲ್ಲಿ ಬಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಅಷ್ಟರಲ್ಲಿ ಆ ಮನೆಯವರು ಮೌನವಾದರು.

ಕಾರಣ ತಿಳಿದ ದಿನ ನಾನು ಪೊರ್ಬುಗಳ ರೇಡಿಯೋ ಬಿಚ್ಚಿಕೊಂಡು ಜಗಲಿಯಲ್ಲಿ ಕುಳಿತಿದ್ದೆ. ಸಂಬಂಧ ಕುದುರಿಸುವ ಆಲ್ಫೋನ್ಸ್ ಬಂದವರು ಛತ್ರಿ ಗೋಡೆಗೆ ಒರಗಿಸಿ ನೇರ ವಿಷಯಕ್ಕೆ ಬಂದರು.

"ಹುಡುಗಿಯ ಬಗ್ಗೆ ಅವರಿಗೆ ಎರಡು ಮಾತಿಲ್ಲ. ಒಂದೇ ಕೇಳುತ್ತಾರೆ. ಎರಡು ವರ್ಷದ ಹಿಂದೆ ಅವರ ಮಗಳು ಎಲಿಜಬೆತಳ ಮದುವೆಯಲ್ಲಿ ನೀವು ಊಟ ಬಿಟ್ಟು ಎದ್ದು ಹೋದಿರಂತೆ. ನಮ್ಮ ಮನೆಯಲ್ಲಿ ಅನ್ನ ಮುಟ್ಟದವರ ಮನೆಯಿಂದ ಹೆಣ್ಣು ಹೇಗೆ ತರುವುದು ಎನ್ನುತ್ತಾರೆ. ಎಂತಕ್ಕೆ ಹಾಗೆ ಮಾಡಿದ್ದು?"

"ಬ್ಯಾಂಡ್ ಕೇಳಿ ಆಗಿತ್ತು" ಎಂದರು ಪೊರ್ಬುಗಳು.

"ಅದನ್ನು ಅವರಿಗೆ ಹೇಳಲಿಕ್ಕೆ ಆಗುತ್ತದಾ? ಬ್ಯಾಂಡ್ ಅವರ ದೊಡ್ಡ ಮಗ ಕಜೆಟನ್‌ನದ್ದೇ."

ನಾನು ತಲೆ ಬಗ್ಗಿಸಿ ರೇಡಿಯೋದ ಒಳಗೆ ನೋಡಿದೆ. ಕಜೆಟನ್ ಮತ್ತು ಅವನ ಸನ್‌ಬೀಮ್ಸ್ ಬಗ್ಗೆ ಪೊರ್ಬುಗಳು ಅಂದು ಕೊಟ್ಟ ತೀರ್ಪು ನನಗೊಬ್ಬನಿಗೆ ಗೊತ್ತಿತ್ತು. ಈ ಬ್ಯಾಂಡಿಗೆ ಡ್ರಮ್ಮರ್ ಬೇಡ, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಲಿಕ್ಕೆ ಪಾದ್ರಿಗಳನ್ನು ಕರೆಸಿ ಎಂದಿದ್ದರು.

ಒಳಗಿನಿಂದ ಬಾಯಮ್ಮ ಬಂದರು. ವರ್ಷಗಟ್ಟಲೆ ಇಲ್ಲದ ಎಮ್ಮೆಯ ಬಾಣಂತನ ಮಾಡಿದ ಸಿಟ್ಟು ಅವರಲ್ಲಿ ಇತ್ತು. "ಬ್ರಹ್ಮಾವರದ ಸಂಬಂಧ ಎಂತಕ್ಕೆ ನಿಂತಿತು ಎಂದು ಈಗ ಗೊತ್ತಾಯಿತಾ? ಶಿರ್ವದ್ದು? ಎಲ್ಲ ನೀವು ಊಟ ಬಿಟ್ಟ ಮನೆಗಳು. ನಾನು ಒಂದೊಂದೇ ಯೋಚಿಸಿ ನೋಡಿದೆ."

ಪೊರ್ಬುಗಳ ಮುಖ ಬಿಳುಚಿಕೊಂಡದ್ದನ್ನು ನಾನು ಕಂಡೆ. ತಂಗಿಯ ಮದುವೆ ಯಾಕೆ ಆಗುತ್ತಿಲ್ಲವೆಂದು ಅವರು ಹರಕೆ ಹೊತ್ತಿದ್ದರು, ಮೇಣದ ಬತ್ತಿ ಹಚ್ಚಿಸಿದ್ದರು. ಕಾರಣ ತಾವೇ ಎಂದು ಅವರಿಗೆ ಹೊಳೆದಿರಲೇ ಇಲ್ಲ.

ಆಲ್ಫೋನ್ಸ್ ದಾರಿ ತೋರಿಸಿದರು. ಬರುವ ಸೋಮವಾರ ಕಾರ್ಕಳದಲ್ಲಿ ಆಂಟನಿಯ ಚಿಕ್ಕಪ್ಪನ ಮಗಳ ಮದುವೆ, ಕಜೆಟನ್‌ನದ್ದೇ ಬ್ಯಾಂಡ್. ಬಂದು ಕೊನೆಯವರೆಗೆ ಕುಳಿತು ಊಟ ಮಾಡಿದರೆ ಸರಿಹೋಗುತ್ತದೆ. ಕಜೆಟನ್ ಎದುರಾದರೆ ಎರಡು ಒಳ್ಳೆಯ ಮಾತು ಆಡಿದರೆ ಇನ್ನೂ ಒಳ್ಳೆಯದು.

ರೋಸಿ ಬಾಗಿಲ ಹತ್ತಿರ ನಿಂತಿದ್ದಳು. "ಅಣ್ಣ, ಇಷ್ಟರವರೆಗೆ ನಿಮ್ಮ ಹತ್ತಿರ ನಾನು ಎಂತದೂ ಕೇಳಿಲ್ಲ" ಎಂದಳು. "ಈ ಹುಡುಗ ನನಗೆ ಇಷ್ಟ ಆಗಿದ್ದಾನೆ. ಒಂದು ಊಟ ಮಾಡಿ."

ಸೋಮವಾರ ಕಾರ್ಕಳಕ್ಕೆ ನನ್ನದೇ ಮೈಕ್ ಸೆಟ್. ಸನ್‌ಬೀಮ್ಸ್ ಪೀಚ್ ಬಣ್ಣದ ಕೋಟಿನಲ್ಲಿ ಬಂದಿಳಿದರು. ಎಲಿಜಬೆತಳ ಮದುವೆಯ ನಂತರ ಅವರು ತುಂಬ ಮುಂದುವರಿದಿದ್ದರು. ಆಂಟನಿ ಕುವೈತಿನಿಂದ ಒಂದು ಕೀಬೋರ್ಡ್ ತಂದುಕೊಟ್ಟಿದ್ದ. ಗುಂಡಿ ಒತ್ತಿದರೆ ಡ್ರಮ್ ತಾನೇ ಬಾರಿಸುತ್ತಿತ್ತು, ಡ್ರಮ್ಮರನೂ ಬಾರಿಸುತ್ತಿದ್ದ, ಇಬ್ಬರ ನಡುವೆ ಹೊಂದಾಣಿಕೆ ಇರಲಿಲ್ಲ. ಕಜೆಟನ್ ಮನುಷ್ಯ ಒಳ್ಳೆಯವನು. ನನಗೆ ಚಾ ತರಿಸಿಕೊಟ್ಟ, ನನ್ನ ಬಾಕ್ಸುಗಳನ್ನು ತಾನೇ ಹೊತ್ತ. ಹಾಡುವಾಗ ಮಾತ್ರ ಆ ಒಳ್ಳೆಯತನ ಉಪಯೋಗಕ್ಕೆ ಬರುತ್ತಿರಲಿಲ್ಲ.

ಪೊರ್ಬುಗಳು ಟೆಸ್ಟಿಂಗಿಗೆ ಬರಲಿಲ್ಲ. ಉಳಿದ ಜನರ ಜೊತೆ ಜನರಂತೆ ಬಂದು, ಮುಂದಿನ ಸಾಲಿನಲ್ಲಿ ರೋಸಿ ಮತ್ತು ಬಾಯಮ್ಮನ ನಡುವೆ ಕುಳಿತರು. ಬಾಯ್ಲಾ ಬಂತು, ಎಕೋ ಬಂತು, ಗುಂಡಿ ಒತ್ತಿದ ಡ್ರಮ್ ಬಂತು. ಹಲ್ಲು ಕೀಳಿಸಿಕೊಳ್ಳಲು ಕುಳಿತವರ ಹಾಗೆ ಅವರು ಕುರ್ಚಿಯ ಎರಡೂ ಕೈ ಹಿಡಿದುಕೊಂಡಿದ್ದರು. ಆದರೂ ಏಳಲಿಲ್ಲ. ಇನ್ನೇನು ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಮುಗಿದು ಊಟ ಎನ್ನುವಾಗ ಕಾರ್ಯಕ್ರಮ ನಡೆಸುವ ಎಂ.ಸಿ. ಮೈಕ್ ಹಿಡಿದು, ಇಂದು ನಮ್ಮ ನಡುವೆ ಒಬ್ಬ ದೊಡ್ಡ ಸಂಗೀತ ವಿಮರ್ಶಕರಿದ್ದಾರೆ, ಅವರು ನಮ್ಮ ಸನ್‌ಬೀಮ್ಸ್ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದ. ಕಜೆಟನ್ ಸ್ಟೇಜಿನ ಮೇಲೆ ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತಿದ್ದ. ಇಡೀ ಕರಾವಳಿಯಲ್ಲಿ ಅವನಿಗೆ ಬೇಕಾದದ್ದು ಇವರೊಬ್ಬರ ಸರ್ಟಿಫಿಕೇಟು.

ಪೊರ್ಬುಗಳು ಎದ್ದು ಮೈಕಿನ ಹತ್ತಿರ ಹೋದರು. ನನ್ನ ಕೈ ಆಂಪ್ಲಿಫಯರಿನ ಮೇಲಿತ್ತು. ಇವರು ಪಾದ್ರಿಗಳನ್ನು ಕರೆಸುವ ಮಾತು ತೆಗೆದರೆ ವಯರ್ ಕಿತ್ತುಬಿಡುವುದು ಎಂದು ನಿಶ್ಚಯಿಸಿದ್ದೆ. ಅವರು ರೋಸಿಯ ಕಡೆ ನೋಡಿದರು. ಅವಳು ತನ್ನ ಮಡಿಲನ್ನು ನೋಡುತ್ತಿದ್ದಳು.

ಆಮೇಲೆ ಮಾತಾಡಿದರು. ನನಗೆ ಗೊತ್ತಿರುವ ಪೊರ್ಬುಗಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹೊಸ ಸುಳ್ಳು ಎಲ್ಲಿಂದ ತರಬೇಕು? ಅವರ ಹತ್ತಿರ ಇದ್ದ ಹೊಗಳಿಕೆ ಒಂದೇ, ಅದನ್ನೇ ತೆಗೆದು ಕೊಟ್ಟರು. "ಈ ಬ್ಯಾಂಡಿನವರು ಬಾರಿಸದೆ ಬಿಡುವ ಜಾಗ ಉಂಟಲ್ಲ, ಅದು ಚೆಂದ" ಎಂದರು. "ಕೇಳುವವನಿಗೆ ಅಲ್ಲಿ ಕುಳಿತುಕೊಳ್ಳಬಹುದು. ಬೇರೆಯವರ ಅಂಗಿ ಹಾಕಿಕೊಂಡು ಬಂದ ಹಾಡುಗಳಲ್ಲ ಇವು. ನಮ್ಮ ಕಡೆ ಇಂಥ ಬ್ಯಾಂಡ್ ಇದೊಂದೇ." ಸ್ವರ ನಡುಗಲಿಲ್ಲ. ಪ್ರತಿಯೊಂದು ಅಕ್ಷರ ಸ್ಪಷ್ಟವಾಗಿ ಬಂತು, ಎಷ್ಟೆಂದರೂ ಪ್ರೂಫ್ ನೋಡುವವರು.

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಕಜೆಟನ್ ಇಳಿದು ಬಂದು ಅವರನ್ನು ಅಪ್ಪಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಪೊರ್ಬುಗಳು ಊಟಕ್ಕೆ ಕುಳಿತರು, ಇಡ್ಲಿಯಂಥ ಸಣ್ಣಾ ಮತ್ತು ಹಂದಿ ಮಾಂಸ ಎರಡನೆಯ ಸಲ ಹಾಕಿಸಿಕೊಂಡರು, ಎಲ್ಲರೂ ನೋಡುವ ಹಾಗೆ ತಿಂದರು. ಕೈತೊಳೆಯುವಲ್ಲಿ ನನಗೆ ಸಿಕ್ಕಿದಾಗ ತೀರ್ಪು ಏನಾದರೂ ಉಂಟೋ ಎಂದು ನಾನು ತಮಾಷೆಗೆ ಕೇಳಿದೆ. ನನ್ನನ್ನು ನೋಡದೆ ಹೋದರು.

ಮದುವೆ ನಿಶ್ಚಯವಾಯಿತು. ಆಂಟನಿಯ ರಜೆ ಮುಗಿಯುವ ಮೊದಲೇ ರೋಸಿಯ ಮದುವೆ ನಡೆಯಿತು. ಸನ್‌ಬೀಮ್ಸ್ ಬಾರಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ. ರೋಸಿ ಕುವೈತಿಗೆ ಹೋಗಿ ಸುಖವಾಗಿದ್ದಾಳೆ, ಇದರಲ್ಲಿ ಸಂಶಯ ಬೇಡ. ಆಂಟನಿ ಬಂಗಾರದಂಥ ಮನುಷ್ಯ. ಇದನ್ನು ಯಾಕೆ ಹೇಳುತ್ತೇನೆಂದರೆ ಆ ಸುಳ್ಳು ವ್ಯರ್ಥವಾಯಿತು ಎಂದು ಯಾರೂ ತಿಳಿಯಬಾರದು.

ಅದು ಅಗತ್ಯಕ್ಕಿಂತ ಹೆಚ್ಚೇ ಕೆಲಸ ಮಾಡಿತು. ಅಂದಿನ ಕಾರ್ಯಕ್ರಮವನ್ನು ಕಜೆಟನ್ ನನ್ನ ಆಂಪ್ಲಿಫಯರಿನಿಂದ ವಯರ್ ಎಳೆದು ಪೂರ್ತಿ ಟೇಪ್ ಮಾಡಿಸಿಕೊಂಡಿದ್ದ. ಬ್ಯಾಂಡ್ ಗೊತ್ತುಮಾಡಲು ಯಾರು ಬಂದರೂ ಮೊದಲು ಪೊರ್ಬುಗಳ ಭಾಷಣ ಹಾಕಿ ಕೇಳಿಸುತ್ತಿದ್ದ. ಯಾರನ್ನೂ ಹೊಗಳದ ಇಮ್ಯಾನುಯೆಲ್ ಲುವಿಸ್ ಹೊಗಳಿದ್ದಾರೆ ಎಂದ ಮೇಲೆ ಮಾತುಂಟೇ? ಒಂದೇ ವರ್ಷದಲ್ಲಿ ಸನ್‌ಬೀಮ್ಸ್ ಇಲ್ಲದ ಮದುವೆ ಮದುವೆಯೇ ಅಲ್ಲ ಎಂಬಂತಾಯಿತು. ಸಿಲ್ವರ್ ಸ್ಯಾಂಡ್ಸ್ ಮುಚ್ಚಿತು. ಬೀಗರ ಬ್ಯಾಂಡ್ ಆದ್ದರಿಂದ ಪೊರ್ಬುಗಳು ಎಲ್ಲ ಕಡೆ ಕೊನೆಯವರೆಗೆ ಕುಳಿತು ಉಣ್ಣಬೇಕಾಯಿತು. ಹೊಟ್ಟೆ ಬಂತು. ಊರವರು ಲುವಿಸರಿಗೆ ವಯಸ್ಸಾದ ಮೇಲೆ ಒಳ್ಳೆಯ ಬುದ್ಧಿ ಬಂತು ಎಂದರು. ಬಾಯಮ್ಮ ಮೊದಲ ಬಾರಿಗೆ ನೆಮ್ಮದಿಯಿಂದ ಮದುವೆ ಊಟ ಮಾಡಿದರು.

ಶೇಖರ ಮಾತ್ರ ಭಾನುವಾರಗಳಲ್ಲಿ ಬರುವುದನ್ನು ನಿಲ್ಲಿಸಿದ. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿರಬೇಕು ಎಂದು ಪೊರ್ಬುಗಳು ಮೊದಲು ಹೇಳಿದರು. ಆಮೇಲೆ ಮಳೆಗಾಲ ಎಂದರು. ಮಳೆ ನಿಂತ ಮೇಲೆ ಭಾನುವಾರ ಪೂಜೆ ಮುಗಿಸಿ ಬಂದವರು ಜಗಲಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ರೇಡಿಯೋ ಹಾಕುತ್ತಿರಲಿಲ್ಲ. ಕಾಪುವಿನ ಕಡೆ ಹೋದರೆ ಅವನನ್ನು ನೋಡಿಕೊಂಡು ಬಾ ಎಂದು ನನಗೆ ಎರಡು ಮೂರು ಸಲ ಹೇಳಿದರು. ನಾನು ಹೋದಾಗೆಲ್ಲ ಅಂಗಡಿ ಮುಚ್ಚಿತ್ತು.

ಎಂಬತ್ತಮೂರರ ಡಿಸೆಂಬರಿನಲ್ಲಿ ಉದ್ಯಾವರದಲ್ಲಿ ಒಂದು ಮದುವೆ. ಎಷ್ಟೋ ದಿನಗಳ ಮೇಲೆ ಪೊರ್ಬುಗಳು ಟೆಸ್ಟಿಂಗಿನ ಹೊತ್ತಿಗೆ ಹಾಲಿಗೆ ಬಂದರು. ಸನ್‌ಬೀಮ್ಸ್‌ನಲ್ಲಿ ಹೊಸ ಗಿಟಾರಿನವನು ಬಂದಿದ್ದಾನೆ, ಒಮ್ಮೆ ಕೇಳಿ ಹೇಳಿ ಎಂದು ಕಜೆಟನ್ ಒತ್ತಾಯ ಮಾಡಿದ್ದನಂತೆ. ಹೊಸ ಗಿಟಾರಿನವನು ಪೀಚ್ ಬಣ್ಣದ ಕೋಟು ಹಾಕಿಕೊಂಡು, ಕಾಲರ್ ಮೇಲೆತ್ತಿ, ಬಾಯ್ಲಾದ ತಾಳಕ್ಕೆ ಸೊಂಟ ತಿರುಗಿಸುತ್ತಾ ಅಭ್ಯಾಸ ಮಾಡುತ್ತಿದ್ದ. ಅದು ಶೇಖರ.

ಅವನು ಪೊರ್ಬುಗಳನ್ನು ಕಂಡು ಕೂಡಲೇ ಇಳಿದು ಬಂದ. ಮೊದಲಿನಷ್ಟೇ ಮರ್ಯಾದೆ. ಬಾಯಮ್ಮ ಹೇಗಿದ್ದಾರೆ, ರೋಸಿ ಟೀಚರ್ ಹೇಗಿದ್ದಾರೆ ಎಂದು ವಿಚಾರಿಸಿದ. ಪೊರ್ಬುಗಳು ಆ ಕೋಟನ್ನೇ ನೋಡುತ್ತಿದ್ದರು.

"ನಿನ್ನ ಹಾಡುಗಳು ಎಂತ ಆದವು?"

"ಅದನ್ನು ಬಿಟ್ಟೆ ಪೊರ್ಬುಗಳೇ. ಆ ಇಬ್ಬರು ಹುಡುಗರು ಬೊಂಬಾಯಿಗೆ ಹೋದರು."

"ನಾನು ಬಿಡಬೇಡ ಎಂದಿದ್ದೆ."

ಶೇಖರ ಮೇಲೆತ್ತಿದ್ದ ಕಾಲರನ್ನು ಕೆಳಗೆ ಮಡಚಿದ. "ಕಜೆಟನ್ ಅಣ್ಣ ಒಮ್ಮೆ ಕಾಪುವಿಗೆ ಬಂದಾಗ ಕ್ಯಾಸೆಟ್ ಹಾಕಿ ಕೇಳಿಸಿದರು" ಎಂದ. "ನನಗೆ ಹೇಳಿದ ಮಾತೇ. ಬಿಡುವ ಜಾಗ, ಬೇರೆಯವರ ಅಂಗಿ, ಎಲ್ಲ ಅದೇ. ಇವರ ಬ್ಯಾಂಡಿಗೂ ಅದನ್ನೇ ಹೇಳುತ್ತೀರಿ ಎಂದರೆ, ನನಗೆ ಹೇಳಿದ್ದೂ ಹಾಗೆಯೇ, ಹುಡುಗನಿಗೆ ಬೇಸರ ಆಗಬಾರದು ಎಂದು ಹೇಳಿದ್ದು ಅಂತ ಗೊತ್ತಾಯಿತು. ನಾನು ದಡ್ಡ, ನಿಜ ಎಂದುಕೊಂಡಿದ್ದೆ."

ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಪೊರ್ಬುಗಳಿಗೆ ಸುಲಭವಾಗುತ್ತಿತ್ತು. ಅವರು ಶೇಖರನ ತೋಳು ಹಿಡಿದುಕೊಂಡರು. ಹತ್ತು ಹೆಜ್ಜೆ ದೂರದಲ್ಲಿ ಕಜೆಟನ್ ಕೀಬೋರ್ಡಿನ ಧೂಳು ಒರೆಸುತ್ತಿದ್ದ. ಅವನಿಗೆ ಕೇಳಿದರೆ ಕೇಳಲಿ ಎಂಬಂತೆ, ಸ್ವರ ತಗ್ಗಿಸದೆ ಹೇಳಿದರು, "ಶೇಖರ, ನಿನಗೆ ಹೇಳಿದ್ದು ಸತ್ಯ. ಅಲ್ಲಿ ಹೇಳಿದ್ದು ಸುಳ್ಳು. ರೋಸಿಯ ಮದುವೆಗಾಗಿ ಹೇಳಿದ್ದು. ದೇವರಾಣೆ."

ನಾನು ಕಜೆಟನ್ ಕಡೆ ನೋಡಿದೆ. ಅವನು ಒರೆಸುತ್ತಲೇ ಇದ್ದ. ಕೇಳಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶೇಖರ ನಕ್ಕ. ಆ ನಗುವಿನಲ್ಲಿ ಪ್ರೀತಿ ಇತ್ತು. ತೋಳು ಹಿಡಿದಿದ್ದ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. "ಈಗಲೂ ನನಗೆ ಬೇಸರ ಆಗಬಾರದೆಂದೇ ಹೇಳುತ್ತೀರಿ" ಎಂದ. "ನೀವು ಒಳ್ಳೆಯವರು, ಪೊರ್ಬುಗಳೇ. ಯಾರ ಮನಸ್ಸನ್ನೂ ನೋಯಿಸುವವರಲ್ಲ."

ಇಮ್ಯಾನುಯೆಲ್ ಪೊರ್ಬುಗಳಿಗೆ ಆ ಮಾತನ್ನು ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲ. ಶೇಖರ ಸ್ಟೇಜಿಗೆ ಹತ್ತಿ ಗಿಟಾರ್ ಕೊರಳಿಗೆ ಹಾಕಿಕೊಂಡ, ಕಜೆಟನ್ ಗುಂಡಿ ಒತ್ತಿದ, ನಾನು ವಾಲ್ಯೂಮ್ ಕೊಟ್ಟೆ.